ಕೆಸವಿನ ಗೆಡ್ಡೆ: ಮಲೆನಾಡಿಗೆ ಹೊಸದಾಗಿ ಬಂದವರಿಗೆ

ಮಲೆನಾಡಿಗೆ ಹೊಸದಾಗಿ ಬಂದವರು ಮೊದಲು ಪರಿಚಯ ಮಾಡಿಕೊಳ್ಳಬೇಕಾದ ತರಕಾರಿ ಯಾವುದೆಂದು ಕೇಳಿದರೆ ನಾನು ಹೇಳುವುದು ಕೆಸ. ಮದುವೆಯಾಗಿಯೋ, ವರ್ಗವಾಗಿಯೋ, ತೋಟದ ಕೆಲಸಕ್ಕೋ ಸಕಲೇಶಪುರ, ಆಲೂರಿನ ಕಡೆ ಬಂದು ನೆಲೆಸಿದವರಿಗೆ ಮೊದಲ ವರ್ಷದಲ್ಲೇ ಅಕ್ಕಪಕ್ಕದವರು ಯಾರಾದರೂ ಒಂದು ಕಟ್ಟು ಕೆಸವಿನ ಸೊಪ್ಪನ್ನೋ, ಒಂದು ಮೊರ ಗೆಡ್ಡೆಯನ್ನೋ ತಂದುಕೊಡುತ್ತಾರೆ. ಬಹಳ ಮಂದಿ ಅದನ್ನು ಒಂದು ಸಲ ಅರೆಬರೆ ಬೇಯಿಸಿ, ತಿಂದು, ಗಂಟಲೆಲ್ಲ ತುರಿಸಿ, ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಆ ತುರಿಕೆ ಯಾಕೆ ಬರುತ್ತದೆ, ಹೇಗೆ ಹೋಗುತ್ತದೆ ಎನ್ನುವುದೊಂದು ತಿಳಿದರೆ ಸಾಕು, ವರ್ಷದ ಬಹುಪಾಲು ಮನೆಯ ಹಿಂದೆಯೇ ಊಟಕ್ಕೊಂದು ದಾರಿಯಿರುತ್ತದೆ. ಅದನ್ನೇ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಜಾಗದ ಮಾತು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಹೋಗುವ ರೈಲು ದೋಣಿಗಾಲ್, ಕಡಗರವಳ್ಳಿ ದಾಟಿ ಎಡಕುಮೇರಿಗೆ ಇಳಿಯುತ್ತದೆ. ಊರು ಎನ್ನುವಂಥದ್ದು ಅಲ್ಲಿ ಇಲ್ಲವೆಂದೇ ಹೇಳಬೇಕು. ಒಂದು ನಿಲ್ದಾಣ, ಸುತ್ತ ಕಾಡು, ಕಣಿವೆಯಲ್ಲಿ ಕೆಂಪುಹೊಳೆ. 1979ರಲ್ಲಿ ಮೀಟರ್‌ಗೇಜ್ ಹಳಿ ಬಂತು. ಹಳಿ ಅಗಲವಾದ ಮೇಲೆ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡತೊಡಗಿತು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಆ ದಾರಿ ಮುಚ್ಚಿಹೋಗಿತ್ತು. ಮುಂಗಾರು ಹಿಡಿದರೆ ರಸ್ತೆಯೂ ಹಳಿಯೂ ನಿಲ್ಲುವ ಸೀಮೆ ಇದು. ಸಂತೆಗೆ ಹೋಗಲಾಗದ ಆ ದಿನಗಳಲ್ಲಿ ಗುಡ್ಡದ ಒಂಟಿ ಮನೆಗಳು ನೆಚ್ಚಿಕೊಂಡದ್ದು ಕಳಲೆ, ಅಣಬೆ, ಹಲಸಿನ ಬೀಜ ಮತ್ತು ಕೆಸ. ಇವುಗಳಲ್ಲಿ ಕಳಲೆಗೂ ಅಣಬೆಗೂ ಕೆಲವೇ ವಾರಗಳ ಕಾಲ. ಕೆಸ ಮಾತ್ರ ಮಳೆಗಾಲದಲ್ಲಿ ಸೊಪ್ಪು, ದಂಟು ಕೊಟ್ಟು, ಚಳಿಗಾಲಕ್ಕೆ ಗೆಡ್ಡೆಯನ್ನೂ ಕೊಡುತ್ತದೆ.

ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಕಂದು ಸಿಪ್ಪೆ, ಅದರ ಮೇಲೆ ನಾರಿನಂಥ ಕೂದಲು, ಸುತ್ತಲೂ ಉಂಗುರ ಉಂಗುರವಾಗಿ ಗೆರೆ. ಆ ಒಂದೊಂದು ಗೆರೆಯೂ ಹಿಂದೆ ಅಲ್ಲಿದ್ದ ಎಲೆಯ ಗುರುತು. ಮಣ್ಣಿನೊಳಗಿದ್ದರೂ ಇದು ಬೇರಲ್ಲ, ಪಿಷ್ಟ ತುಂಬಿ ಉಬ್ಬಿದ ಕಾಂಡ. ಗೆಣಸು, ಮರಗೆಣಸು ನಿಜವಾದ ಬೇರುಗಳು. ಅವುಗಳ ಮೇಲೆ ಈ ಉಂಗುರ ಕಾಣುವುದಿಲ್ಲ. ಗಿಡದ ನಡುವೆ ಒಂದು ದಪ್ಪ ತಾಯಿಗೆಡ್ಡೆ, ಅದರ ಸುತ್ತ ಅಂಟಿಕೊಂಡ ಮರಿಗೆಡ್ಡೆಗಳು. ಅಂಗಡಿಯಲ್ಲಿ ಸಾಮೆಗೆಡ್ಡೆ ಎಂದು ಮಾರುವುದು ಹೆಚ್ಚಾಗಿ ಈ ಮರಿಗಳನ್ನೇ. ನೂರು ಗ್ರಾಂ ಹಸಿ ಗೆಡ್ಡೆಯಲ್ಲಿ ಸುಮಾರು 26 ಗ್ರಾಂ ಶರ್ಕರಪಿಷ್ಟ, 4 ಗ್ರಾಂ ನಾರು, ಒಂದೂವರೆ ಗ್ರಾಂ ಪ್ರೋಟೀನ್ ಇರುತ್ತದೆ. ಆಲೂಗಡ್ಡೆಗಿಂತ ಹೊಟ್ಟೆಗೆ ಗಟ್ಟಿ. ಇದರ ಪಿಷ್ಟದ ಕಣಗಳು ಆಲೂಗಡ್ಡೆಯವಕ್ಕಿಂತ ಬಹಳ ಸಣ್ಣವು, ಹಾಗಾಗಿ ಚೆನ್ನಾಗಿ ಬೆಂದ ಗೆಡ್ಡೆ ಸುಲಭವಾಗಿ ಅರಗುತ್ತದೆ.

ಇನ್ನು ಗಿಡವನ್ನು ಗುರುತಿಸುವುದು. ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಹಳ್ಳದ ಬದಿಯಲ್ಲಿ ಅಗಲ ಎಲೆಯ ಗಿಡ ಕಂಡ ಮಾತ್ರಕ್ಕೆ ಅದು ತಿನ್ನುವ ಕೆಸವಲ್ಲ. ಕೆಸದ ಎಲೆಯನ್ನು ತಿರುಗಿಸಿ ನೋಡಿದರೆ ದಂಟು ಎಲೆಯ ಸೀಳಿನ ತುದಿಗೆ ಸೇರದೆ, ಅಲ್ಲಿಂದ ಸ್ವಲ್ಪ ಒಳಗೆ, ಎಲೆಯ ಬೆನ್ನಿನ ಮೇಲೆ ಕೂಡಿರುತ್ತದೆ. ಎಲೆಯ ತುದಿ ನೆಲದತ್ತ ಬಾಗಿರುತ್ತದೆ. ಮೇಲ್ಮೈಗೆ ಹೊಳಪಿಲ್ಲ, ನೀರು ಹನಿಸಿದರೆ ಪಾದರಸದಂತೆ ಉಂಡೆಯಾಗಿ ಉರುಳಿಹೋಗುತ್ತದೆ. ದಂಟು ಸರಿಯಾಗಿ ಸೀಳಿನಲ್ಲೇ ಸೇರಿದ್ದು, ಎಲೆ ಮಿರಮಿರ ಹೊಳೆಯುತ್ತ ತುದಿ ಮೇಲಕ್ಕೆ ನಿಂತಿದ್ದರೆ ಅದು ಬೇರೆ ಗಿಡ. ಅಂಗಳದ ಚೆಂದಕ್ಕೆ ಬೆಳೆಸುವ ಬಣ್ಣಬಣ್ಣದ ಎಲೆಯ ಗಿಡಗಳೂ ಅಷ್ಟೆ, ಬಾಯಿಗಿಡಬಾರದು. ಈ ಗುರುತುಗಳೆಲ್ಲ ಸರಿಹೋದರೂ ಕಾಡುಕೆಸ ಎನ್ನುವುದೊಂದಿದೆ. ನೋಡಲು ಊರಕೆಸದಂತೆಯೇ ಇದ್ದು, ವಿಪರೀತ ತುರಿಸುತ್ತದೆ. ಹಾಗಾಗಿ ಹಳ್ಳದ ಬದಿಯಿಂದ ಕಿತ್ತು ತರಬೇಡಿ. ತಿಂದು ಗೊತ್ತಿರುವ ಮನೆಯಿಂದಲೇ ಮೊದಲ ಗೆಡ್ಡೆ ತನ್ನಿ.

ತುರಿಕೆಗೆ ಕಾರಣ ಗಿಡದೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಾಗಿ, ಕಟ್ಟುಕಟ್ಟಾಗಿ ಜೀವಕೋಶಗಳಲ್ಲಿ ಇರುತ್ತದೆ. ಕೊಯ್ದಾಗ, ಅಗಿದಾಗ ಆ ಕೋಶಗಳು ಒಡೆದು ಸೂಜಿಗಳು ಚರ್ಮಕ್ಕೂ ನಾಲಿಗೆಗೂ ಚುಚ್ಚುತ್ತವೆ. ಸೂಜಿ ಚುಚ್ಚಿದ ಗಾಯ ಉರಿಯುವಂತೆ ಮಾಡುವುದು ಅದರ ಜೊತೆಗಿರುವ ಪ್ರೋಟೀನ್ ಎಂದು ಸಂಶೋಧಕರು ಹೇಳುತ್ತಾರೆ. ನೀರಿನಲ್ಲಿ ಕುದಿಸಿದರೆ ಸೂಜಿ ಕರಗುವುದಿಲ್ಲ, ಆದರೆ ಆ ಪ್ರೋಟೀನ್ ಕೆಡುತ್ತದೆ. ಅದಕ್ಕೇ ಪೂರ್ತಿ ಬೆಂದ ಕೆಸ ತುರಿಸುವುದಿಲ್ಲ, ಮುಕ್ಕಾಲು ಬೆಂದದ್ದು ತುರಿಸುತ್ತದೆ. ಹುಳಿ ಹಾಕಿದರೆ ತುರಿಕೆ ಇನ್ನೂ ತಗ್ಗುತ್ತದೆ ಎನ್ನುವುದು ಮಲೆನಾಡು, ಕರಾವಳಿಯ ಎಲ್ಲ ಅಡುಗೆಮನೆಗಳ ಅನುಭವ. ಹುಣಸೆ, ಅಮಟೆಕಾಯಿ, ಹುಳಿಮಜ್ಜಿಗೆ, ಯಾವುದಾದರೂ ಸರಿ, ಕೆಸ ಬೇಯುವ ಪಾತ್ರೆಯಲ್ಲಿ ಹುಳಿ ಇರಲೇಬೇಕು. ನೀರಿನಲ್ಲಿ ಕರಗುವ ಆಕ್ಸಲೇಟ್ ಕೂಡ ಕೆಸದಲ್ಲಿ ಉಂಟು. ಬೇಯಿಸಿದ ನೀರು ಬಸಿದರೆ ಅದರಲ್ಲಿ ಒಂದು ಪಾಲು ಹೋಗುತ್ತದೆ, ಹಾಲು ಮೊಸರಿನ ಜೊತೆ ತಿಂದರೆ ಮೈಗೆ ಹಿಡಿಯುವುದು ಕಡಿಮೆಯಾಗುತ್ತದೆ. ಕೆಸವಿನ ಗೆಡ್ಡೆಯ ಮಜ್ಜಿಗೆಹುಳಿ ಬರೀ ರುಚಿಗಾಗಿ ಹುಟ್ಟಿದ್ದಲ್ಲ ಎಂದು ನನಗೆ ಅನ್ನಿಸುವುದು ಇದರಿಂದಲೇ. ಮೂತ್ರಪಿಂಡದಲ್ಲಿ ಕಲ್ಲಾಗಿರುವವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಈಗ ಅಡುಗೆಗೆ ಕೂರೋಣ. ಹಸಿ ಗೆಡ್ಡೆಯ ಸಿಪ್ಪೆಯನ್ನು ಒದ್ದೆ ಕೈಯಲ್ಲಿ ಹೆರೆಯಬೇಡಿ. ಹೆರೆಯಲೇಬೇಕಾದರೆ ಕೈ ಒಣಗಿರಲಿ, ಅಂಗೈಗೆ ಎಣ್ಣೆ ಹಚ್ಚಿಕೊಳ್ಳಿ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿಯೆಂದರೆ ಸಿಪ್ಪೆ ಸಮೇತ ಬೇಯಿಸುವುದು. ಅರ್ಧ ಕಿಲೋ ಮರಿಗೆಡ್ಡೆಯನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಮುಳುಗುವಷ್ಟು ನೀರು, ಉಪ್ಪು, ಚೂರು ಹುಣಸೆ ಹಾಕಿ ಬೇಯಲು ಇಡಿ. ಕಡ್ಡಿ ಚುಚ್ಚಿದರೆ ಎಲ್ಲೂ ತಡೆಯದೆ ನಡುವಿನವರೆಗೆ ಇಳಿಯಬೇಕು. ಕುಕ್ಕರ್ ಆದರೆ ಸಣ್ಣ ಗೆಡ್ಡೆಗೆ ಎರಡು ಸೀಟಿ ಸಾಕು, ತಾಯಿಗೆಡ್ಡೆಗೆ ಇನ್ನೆರಡು ಬೇಕಾದೀತು. ನೀರು ಬಸಿದು, ಆರಿದ ಮೇಲೆ ಹಿಂಡಿದರೆ ಸಿಪ್ಪೆ ತಾನಾಗಿ ಕಳಚಿ ಬರುತ್ತದೆ.

ಬೆಂದ ಗೆಡ್ಡೆ ಲೋಳೆಯಾಗಿರುತ್ತದೆ. ಆ ಲೋಳೆ ಇಷ್ಟವಾಗದವರಿಗೆ ಹುರಿದ ಗೆಡ್ಡೆಯಿಂದ ಶುರುಮಾಡಿ ಎನ್ನುತ್ತೇನೆ. ಸುಲಿದ ಗೆಡ್ಡೆಯನ್ನು ಅಂಗೈಯಲ್ಲಿ ಮೆಲ್ಲಗೆ ಅದುಮಿ ಚಪ್ಪಟೆ ಮಾಡಿ, ಅಚ್ಚಖಾರದ ಪುಡಿ, ಅರಿಸಿನ, ಉಪ್ಪು, ಗಟ್ಟಿ ಹುಣಸೆರಸ ಸವರಿ, ಮೇಲೆ ಅಕ್ಕಿಹಿಟ್ಟು ಉದುರಿಸಿ ಕಾವಲಿಯ ಮೇಲೆ ಇಡಿ. ಉರಿ ಸಣ್ಣಗಿರಲಿ. ಅವಸರದಿಂದ ಮಗುಚಿದರೆ ಕೆಳಗಿನ ಹೊರಪದರ ಕಾವಲಿಗೇ ಅಂಟಿ ಉಳಿಯುತ್ತದೆ. ಅಂಚು ಕೆಂಪಗಾಗಿ ಗೆಡ್ಡೆ ತಾನೇ ಬಿಟ್ಟುಕೊಳ್ಳುವವರೆಗೆ ಕಾಯಿರಿ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಬಿಸಿ ಅನ್ನ ತಿಳಿಸಾರಿನ ಜೊತೆ ಇದು ಇದ್ದರೆ ಬೇರೇನೂ ಬೇಡ.

ಲೋಳೆ ಬೇಕೆನ್ನುವವರಿಗೆ ಹುಳಿ. ನಿಂಬೆಹಣ್ಣಿನ ಗಾತ್ರದ ಹುಣಸೆಯ ರಸಕ್ಕೆ ಬೆಂದ ಗೆಡ್ಡೆ ಹಾಕಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನತುರಿ ರುಬ್ಬಿ ಸೇರಿಸಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಆಯಿತು. ಗೆಡ್ಡೆಯ ಲೋಳೆಯೇ ರಸವನ್ನು ಗಟ್ಟಿ ಮಾಡುವುದರಿಂದ ಬೇಳೆಯ ಅಗತ್ಯವಿಲ್ಲ. ಈ ಕಡೆ ಇದು ಸೇರಬೇಕಾದ್ದು ಕಡುಬಿಗೆ, ಅಕ್ಕಿರೊಟ್ಟಿಗೆ. ಮೀನು ತಿನ್ನುವ ಮನೆಗಳಲ್ಲಿ ಒಣಮೀನು ಹಾಕಿದ ಸಾರಿಗೂ ಇದೇ ಗೆಡ್ಡೆ ಬೀಳುತ್ತದೆ.

ಸೊಪ್ಪಿನದು ಇನ್ನೊಂದು ಲೋಕ, ಅದನ್ನು ಚುಟುಕಾಗಿ ಹೇಳುತ್ತೇನೆ. ಸುರುಳಿ ಬಿಚ್ಚದ ಎಳೆ ಎಲೆಯನ್ನು ಗಂಟು ಹಾಕಿ ಸಾರಿಗೆ ಬಿಡುತ್ತಾರೆ. ದಂಟಿನ ಸಿಪ್ಪೆ ಎಳೆದು ಹುಳಿ ಮಾಡುತ್ತಾರೆ. ಸಾಗರದ ಕಡೆ ಕರಿಕೆಸದ ಎಲೆಯನ್ನು ಹಸಿಮೆಣಸು, ಹುಳಿ ಹಾಕಿ ಬೇಯಿಸಿ ಕರಕಲಿ ಮಾಡುತ್ತಾರೆ. ಪತ್ರೊಡೆಗೆ ಎಲೆಯ ಬೆನ್ನು ಮೇಲಾಗಿಟ್ಟು, ಅಕ್ಕಿ, ತೆಂಗಿನಕಾಯಿ, ಮೆಣಸು, ಹುಣಸೆ ಸೇರಿಸಿ ರುಬ್ಬಿದ ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಪೇರಿಸಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಪತ್ರೊಡೆಗೆ ಎಲ್ಲಕ್ಕಿಂತ ಮೇಲೆಂದು ಹೆಸರಾದದ್ದು ಮರಕೆಸ. ಅದು ಬೇರೆಯೇ ಜಾತಿ. ಮಳೆ ಬಿದ್ದ ಮೇಲೆ ಪಾಚಿ ಹಿಡಿದ ಮರದ ಕಾಂಡದಲ್ಲಿ ಚಿಗುರುತ್ತದೆ. ಕೊಕ್ಕೆಯಂಥ ಮುಳ್ಳಿರುವ ಪುಟ್ಟ ಮರಿಗೆಡ್ಡೆಗಳು ಪ್ರಾಣಿಗಳ ಮೈಗೆ ಅಂಟಿಕೊಂಡು ಮರದಿಂದ ಮರಕ್ಕೆ ಹೋಗುತ್ತವೆ. ಎಲೆ ಕೊಯ್ಯುವಾಗ ಅದರ ಗೆಡ್ಡೆಯನ್ನು ಮರದಿಂದ ಎಬ್ಬಿಸಬಾರದು.

ಇದು ನಮ್ಮ ಗುಡ್ಡದ ಬಡವರ ತರಕಾರಿ ಎಂದು ಹಗುರ ಮಾಡುವವರಿಗೆ ಒಂದು ಮಾತು. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ಪ್ರದೇಶದಲ್ಲಿ ಸಿಕ್ಕ ಕಲ್ಲಿನ ಉಪಕರಣಗಳ ಮೇಲೆ ಸುಮಾರು ಹತ್ತು ಸಾವಿರ ವರ್ಷ ಹಿಂದಿನ ಕೆಸದ ಪಿಷ್ಟದ ಕಣಗಳನ್ನು ಗುರುತಿಸಿದ್ದಾರೆ. 2008ರಲ್ಲಿ ಯುನೆಸ್ಕೊ ಆ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಂತಸಾಗರದ ದ್ವೀಪಗಳಿಗೆ ದೋಣಿಯಲ್ಲಿ ಹೋದವರು ಕೆಸದ ಬೀಜಗೆಡ್ಡೆಯನ್ನು ಜೊತೆಗೇ ಒಯ್ದರು. ಹವಾಯಿಯ ಜನ ಬೆಂದ ಗೆಡ್ಡೆಯನ್ನು ಕುಟ್ಟಿ ಮಾಡುವ ಪೋಯಿ ಅವರ ದಿನದ ಊಟವಾಗಿತ್ತು, ಅವರ ಪುರಾಣದಲ್ಲಿ ಕೆಸ ಮನುಷ್ಯನಿಗೆ ಅಣ್ಣ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕೆಸ ಬೆಳೆಯುವ ದೇಶ ನೈಜೀರಿಯಾ.

ಒಂದೇ ತಳಿಯನ್ನು ನೆಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಸಮೋವಾ ದ್ವೀಪದ ಕಥೆ ಇದೆ. ಅಲ್ಲಿನ ರೈತರು ಹೊರದೇಶಕ್ಕೆ ಕಳಿಸಲು ಹೆಚ್ಚಾಗಿ ಒಂದೇ ತಳಿ ಬೆಳೆಯುತ್ತಿದ್ದರು. 1993ರಲ್ಲಿ ಎಲೆ ಅಂಗಮಾರಿ ಬಂದು ಆ ಬೆಳೆ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ರೋಗಾಣು ಫೈಟಾಫ್ತೊರ ಕುಲದ್ದು. ನಮ್ಮ ಅಡಿಕೆಯ ಕೊಳೆರೋಗ ಅದೇ ಕುಲದ್ದು, ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಸೋಲಿಸಿದ ಅಂಗಮಾರಿಯೂ ಅದೇ ಕುಲದ್ದು. ಹಾಸನದ ಆಲೂಗಡ್ಡೆಗೆ ಬೀಜ ಪಂಜಾಬಿನ ಜಲಂಧರದಿಂದ ಬರಬೇಕು. ಕೆಸದ ಬೀಜ ಪಕ್ಕದ ಮನೆಯಲ್ಲೇ ಸಿಗುತ್ತದೆ. ಬಿಳಿ ದಂಟಿನದು, ಕಪ್ಪು ದಂಟಿನದು, ಗೆಡ್ಡೆಗೆ ಒಳ್ಳೆಯದು, ಸೊಪ್ಪಿಗೆ ಒಳ್ಳೆಯದು ಎಂದು ಮನೆಮನೆಯಲ್ಲಿ ಬೇರೆಬೇರೆ ಇರುವುದನ್ನು ಕಳೆದುಕೊಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ತಿರುವನಂತಪುರದಲ್ಲಿ 1963ರಲ್ಲಿ ಶುರುವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಶ್ರೀ ಪಲ್ಲವಿ, ಶ್ರೀ ರಶ್ಮಿಯಂಥ ತಳಿಗಳನ್ನು ಕೊಟ್ಟಿದೆ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಗೆಡ್ಡೆ ಗೆಣಸು ಮೇಳ ನಡೆಸಿ ತಮ್ಮ ತಳಿಗಳನ್ನು ಜನರ ಮುಂದೆ ಇಡುತ್ತಾರೆ. ಸಕಲೇಶಪುರದಲ್ಲೂ ಅಂಥದ್ದೊಂದು ನಡೆದರೆ ಎಷ್ಟು ಚೆನ್ನ.

ನೀವೇ ಬೆಳೆಯುವುದಾದರೆ ಬಚ್ಚಲ ನೀರು ಹರಿಯುವ ಜಾಗ ನೋಡಿ, ಅಥವಾ ಕಾಫಿ ತೋಟದ ಅಂಚಿನಲ್ಲಿ ಅರೆನೆರಳು ಇರುವ ತೇವದ ನೆಲ. ಮೇ ತಿಂಗಳ ಮಳೆಗೆ ಮೊಳಕೆ ಬಂದ ಮರಿಗೆಡ್ಡೆಯನ್ನು ಒಂದೂವರೆ ಎರಡು ಅಡಿಗೊಂದರಂತೆ ಊರಿ, ದರಗು ಮುಚ್ಚಿ. ಗಿಡ ಮೊಣಕಾಲೆತ್ತರ ಬಂದಾಗ ಬುಡಕ್ಕೆ ಮಣ್ಣು ಏರಿಸಿ, ಇಲ್ಲದಿದ್ದರೆ ಗೆಡ್ಡೆ ಸಣ್ಣದಾಗುತ್ತದೆ. ಗೆಡ್ಡೆಗೆಂದು ಬಿಟ್ಟ ಗಿಡದಿಂದ ಸೊಪ್ಪನ್ನು ಹೆಚ್ಚು ಕೊಯ್ಯಬೇಡಿ. ಆರೇಳು ತಿಂಗಳಿಗೆ ಎಲೆ ಹಳದಿಯಾಗಿ ಬಾಗುತ್ತದೆ, ಆಗ ಅಗೆಯುವ ಕಾಲ. ಕಾಡುಹಂದಿ ಬರುವ ಕಡೆ ಅಷ್ಟು ದಿನ ಕಾಯುವುದೂ ಕಷ್ಟ, ಬಲಿತದ್ದನ್ನು ಕಂಡಾಗಲೇ ಕಿತ್ತು ತನ್ನಿ. ಅಗೆದ ಗೆಡ್ಡೆಯನ್ನು ತೊಳೆಯದೆ, ಮಣ್ಣು ಕೊಡವಿ, ನೆರಳಲ್ಲಿ ಹರಡಿ ಎರಡು ದಿನ ಆರಿಸಿ. ಗಾಯವಾದವನ್ನು ಮೊದಲು ಅಡುಗೆಗೆ ತೆಗೆಯಿರಿ. ದುಂಡಗೆ, ರೋಗವಿಲ್ಲದೆ ಇರುವ ಮರಿಗಳನ್ನು ಬೀಜಕ್ಕೆಂದು ಬೇರೆ ಮಾಡಿ, ತಂಪಾದ ಮೂಲೆಯಲ್ಲಿ ಒಣ ಮರಳಿನೊಳಗೆ ಮುಂದಿನ ಮಳೆಯವರೆಗೆ ಇಟ್ಟುಕೊಳ್ಳಿ.