ಹಳೆಯ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಕುಲಗೋತ್ರ

ಯುದ್ಧಕ್ಕಾಗಿ ತಯಾರಾದ ಬಂದೂಕಿಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎರಡನೆಯ ಜನ್ಮವೊಂದುಂಟು. ಸರ್ಕಾರ ಮಾರಿದ ಸೈನಿಕ ಬಂದೂಕನ್ನು ಬೇಟೆಗಾರನು ಅಗ್ಗವಾಗಿ ಕೊಂಡು, ನಳಿಕೆಯನ್ನು ಮುಚ್ಚಿದ್ದ ಉದ್ದನೆಯ ಮರವನ್ನು ಕತ್ತರಿಸಿ, ಪುಟ್ಟ ದೂರದರ್ಶಕವೊಂದನ್ನು ಮೇಲೆ ಕೂಡಿಸಿ, ತನ್ನ ಮೃಗಯೆಗೆ ಒಗ್ಗಿಸಿಕೊಳ್ಳುತ್ತಾನೆ. ಹೀಗೆ ವೇಷ ಮರೆಸಿಕೊಂಡ ಬಂದೂಕು ಮೊಮ್ಮಗನ ಕೈಗೆ ಬರುವ ವೇಳೆಗೆ ಅದರ ಪೂರ್ವವೃತ್ತಾಂತವನ್ನು ಬಲ್ಲವರು ಯಾರೂ ಉಳಿದಿರುವುದಿಲ್ಲ. ಅದನ್ನು ಹಾರಿಸಬಹುದೇ, ಗೋಡೆಗೆ ತೂಗುಹಾಕಬೇಕೇ? ಉತ್ತರವು ಉಕ್ಕಿನ ಮೇಲೆ ಒತ್ತಿದ ಕೆಲವು ಅಕ್ಷರಗಳಲ್ಲಿಯೂ ಒಂದು ಸಂಖ್ಯೆಯಲ್ಲಿಯೂ ಅಡಗಿದೆ. ೧೯೦೩ನೆಯ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಬಂದೂಕು ಇದಕ್ಕೆ ಉತ್ತಮ ನಿದರ್ಶನ.

ಮೊದಲು ನೋಡಬೇಕಾದುದು ರಿಸೀವರನ್ನು. ನಳಿಕೆಯ ಹಿಂತುದಿಯು ತಿರುಪಿನಿಂದ ಕೂಡಿಕೊಳ್ಳುವ, ಒಳಗೆ ಬೋಲ್ಟು ಹಿಂದುಮುಂದಾಗಿ ಸರಿಯುವ ಉಕ್ಕಿನ ಭಾಗಕ್ಕೆ ಈ ಹೆಸರು. ಅದರ ಮುಂಭಾಗದ ದುಂಡಗಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು, ಅಂದರೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಥವಾ ರಾಕ್ ಐಲೆಂಡ್ ಆರ್ಸೆನಲ್ ಎಂಬುದು, ಮಾದರಿಯ ವರ್ಷ, ಅದರ ಕೆಳಗೆ ಕ್ರಮಸಂಖ್ಯೆ ಇರುತ್ತವೆ. ದೂರದರ್ಶಕದ ಆಧಾರಪಟ್ಟಿಯು ಕೆಲವೊಮ್ಮೆ ಇವನ್ನು ಮುಚ್ಚಿರುವುದುಂಟು; ಆಗ ಪಟ್ಟಿಯನ್ನು ಬಿಚ್ಚಿಯೇ ಓದಬೇಕು.

ನಳಿಕೆಯ ಬಾಯಿಯ ಸಮೀಪದಲ್ಲಿ ಇನ್ನೊಂದು ಗುರುತುಂಟು: 'ಎಸ್.ಎ.' ಇಲ್ಲವೆ 'ಆರ್.ಐ.ಎ.' ಅಕ್ಷರಗಳು, ಉರಿಯುವ ಬಾಂಬಿನ ಚಿಹ್ನೆ, ತಿಂಗಳು ಮತ್ತು ವರ್ಷ. '೯-೧೮' ಎಂದಿದ್ದರೆ ೧೯೧೮ರ ಸೆಪ್ಟೆಂಬರ್. ಹೊಸಬರು ಮೋಸಹೋಗುವುದು ಇಲ್ಲಿಯೇ. ನಳಿಕೆಯು ಸವೆಯುವ ವಸ್ತು. ಸೈನ್ಯದ ಕಾರ್ಯಾಗಾರಗಳಲ್ಲಿ ಅದನ್ನು ಬದಲಾಯಿಸುತ್ತಿದ್ದರು. ೧೯೧೦ರ ರಿಸೀವರಿಗೆ ಬಹಳ ಈಚಿನ ನಳಿಕೆ ಕೂಡಿರಬಹುದು. ಆದಕಾರಣ ನಳಿಕೆಯ ತಾರೀಖು ಬಂದೂಕಿನ ವಯಸ್ಸಲ್ಲ.

ವಯಸ್ಸನ್ನು ಇಷ್ಟು ಶ್ರಮಪಟ್ಟು ತಿಳಿಯುವುದೇಕೆ? ೧೯೧೭ರಲ್ಲಿ, ಅಮೆರಿಕವು ಮೊದಲನೆಯ ಮಹಾಯುದ್ಧಕ್ಕಿಳಿದ ವರ್ಷ, ಹಾರಿಸುತ್ತಿದ್ದಾಗಲೇ ಕೆಲವು ರಿಸೀವರುಗಳು ಒಡೆದವು. ಒಳ್ಳೆಯ ಉಕ್ಕು ಮಿತಿಮೀರಿದ ಒತ್ತಡಕ್ಕೆ ಉಬ್ಬಬೇಕು, ಬಾಗಬೇಕು. ಇವು ಗಾಜಿನಂತೆ ಚೂರಾದವು. ತೋಟಾ ಉರಿದಾಗ ನಳಿಕೆಯ ಹಿಂಬದಿಯ ಕೋಣೆಯಲ್ಲಿ ಚದರ ಅಂಗುಲಕ್ಕೆ ಸುಮಾರು ೫೦,೦೦೦ ಪೌಂಡುಗಳ ಒತ್ತಡ ಉಂಟಾಗುತ್ತದೆ. ತೋಟಾದ ಹಿತ್ತಾಳೆಯ ತಳ ಬಿರಿದು ಆ ಅನಿಲ ಹಿಂದಕ್ಕೆ ನುಗ್ಗಿದರೆ ಅದನ್ನು ತಡೆಯಬೇಕಾದುದು ರಿಸೀವರು. ಅದರಿಂದ ಕೆಲವೇ ಅಂಗುಲಗಳ ಹಿಂದೆ ಗುರಿ ಹಿಡಿದವನ ಕಣ್ಣಿರುತ್ತದೆ.

ವಿಚಾರಣೆಯು ಕಮ್ಮಟದ ಕುಲುಮೆಯವರೆಗೆ ಹೋಯಿತು. ಬಡಿಯುವ ಮುನ್ನ ಉಕ್ಕು ಎಷ್ಟು ಕಾಯಬೇಕೆಂಬುದನ್ನು ನುರಿತ ಕೆಲಸಗಾರರು ಅದರ ಬಣ್ಣ ನೋಡಿ ನಿರ್ಧರಿಸುತ್ತಿದ್ದರು. ಕಾದ ಲೋಹ ಹೊಮ್ಮಿಸುವ ಬೆಳಕು ಅದರ ಉಷ್ಣತೆಯನ್ನು ಅವಲಂಬಿಸಿದುದು ನಿಜ. ಆದರೆ ಕಣ್ಣು ಅಳತೆಯ ಉಪಕರಣವಲ್ಲ, ಹೋಲಿಕೆಯ ಉಪಕರಣ. ಮೋಡ ಕವಿದ ದಿನ ಕೆಂಡದಂತೆ ಹೊಳೆಯುವ ತುಂಡೇ ಬಿಸಿಲು ತುಂಬಿದ ಕೋಣೆಯಲ್ಲಿ ಮಂಕಾಗಿ ತೋರುತ್ತದೆ. ಕೆಲಸಗಾರನು ಅದನ್ನು ಇನ್ನಷ್ಟು ಹೊತ್ತು ಬೆಂಕಿಯಲ್ಲಿ ಬಿಡುತ್ತಾನೆ. ಉಷ್ಣತೆಯನ್ನಳೆಯುವ ಪೈರೋಮೀಟರುಗಳನ್ನು ಇಟ್ಟು ನೋಡಿದಾಗ ಬಿಸಿಲಿನ ದಿನಕ್ಕೂ ಮೋಡದ ದಿನಕ್ಕೂ ೩೦೦ ಫ್ಯಾರನ್‌ಹೀಟ್ ಡಿಗ್ರಿಗಳವರೆಗೆ ಅಂತರ ಕಂಡಿತು. ವಿಕಿರಣದ ಪಾಠ ಹೇಳುವಾಗ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಅತಿಯಾಗಿ ಕಾದ ಉಕ್ಕಿನ ಹರಳುಗಳು ದಪ್ಪವಾಗುತ್ತವೆ. ಇನ್ನೂ ಕಾದರೆ ಹರಳುಗಳ ಅಂಚುಗಳೇ ಸುಟ್ಟು, ಅವುಗಳ ನಡುವಣ ಬೆಸುಗೆ ಸಡಿಲವಾಗುತ್ತದೆ. ಹೀಗೆ ಸುಟ್ಟ ಉಕ್ಕನ್ನು ಮರಳಿ ಕಾಯಿಸಿ ತಣಿಸಿದರೂ ಅದು ಮೊದಲಿನಂತಾಗದು.

೧೯೧೮ರಲ್ಲಿ ಕ್ರಮ ಬದಲಾಯಿತು. ಮೇಲ್ಮೈ ಗಡುಸಾಗಿಯೂ ಒಳಭಾಗ ಜಿಗುಟಾಗಿಯೂ ಇರುವಂತೆ ಉಕ್ಕನ್ನು ಎರಡು ಸಲ ಕಾಯಿಸಿ ಹದಗೊಳಿಸುವ ವಿಧಾನ ಜಾರಿಗೆ ಬಂದಿತು. ಗಡಿಯ ಸಂಖ್ಯೆಗಳು ಇವು: ಸ್ಪ್ರಿಂಗ್‌ಫೀಲ್ಡಿನಲ್ಲಿ ಸುಮಾರು ೮,೦೦,೦೦೦, ರಾಕ್ ಐಲೆಂಡಿನಲ್ಲಿ ೨,೮೫,೫೦೭. ಇವಕ್ಕಿಂತ ಕೆಳಗಿನವು ಸಂದೇಹದವು. ೧೯೨೮ರಲ್ಲಿ ಸೈನ್ಯವು ಇವನ್ನು ಕೂಡಲೆ ಹಿಂದಕ್ಕೆ ಕರೆಯಲಿಲ್ಲ. ಉಗ್ರಾಣಕ್ಕೆ ಮರಳಿದಾಗ ರಿಸೀವರನ್ನು ಗುಜರಿಗೆ ಹಾಕಬೇಕೆಂದು ಗೊತ್ತುಮಾಡಿತು. ಇದು ಅರೆಮನಸ್ಸಿನ ತೀರ್ಮಾನವೆಂದೇ ನನಗೆ ತೋರುತ್ತದೆ.

ಕೆಳಗಿನ ಸಂಖ್ಯೆಯವೆಲ್ಲವೂ ಕೆಟ್ಟವೆಂದಲ್ಲ. ಥಿಯೊಡೋರ್ ರೂಸ್‌ವೆಲ್ಟ್ ೧೯೦೯ರಲ್ಲಿ ಆಫ್ರಿಕದ ಬೇಟೆಗೆ ಒಯ್ದ, ಆರ್ಮರಿಯೇ ಮಾರ್ಪಡಿಸಿಕೊಟ್ಟಿದ್ದ ಸ್ಪ್ರಿಂಗ್‌ಫೀಲ್ಡು ಆ ಗಡಿಗಿಂತ ಹಿಂದಿನದೇ. ಅದು ಅವರಿಗೆ ಚೆನ್ನಾಗಿಯೇ ಸೇವೆ ಸಲ್ಲಿಸಿತು. ತೊಡಕೇನೆಂದರೆ, ಯಾವ ರಿಸೀವರು ಮೋಡದ ದಿನ ಬಡಿದದ್ದು, ಯಾವುದು ಬಿಸಿಲಿನಲ್ಲಿ ಬಡಿದದ್ದು ಎಂಬುದನ್ನು ಮುರಿಯದೆ ಹೇಳಲಾಗದು. ಹಲವು ಸಾವಿರ ಗುಂಡು ಹಾರಿಸಿದ್ದೇನೆ, ಏನೂ ಆಗಿಲ್ಲ ಎಂಬ ವಾದಕ್ಕೂ ಬೆಲೆಯಿಲ್ಲ. ತೋಟಾದ ತಳ ಬಿರಿಯುವ ಪ್ರಸಂಗ ಆ ಬಂದೂಕಿಗೆ ಇನ್ನೂ ಒದಗಿಲ್ಲವೆಂದಷ್ಟೇ ಅದರ ಅರ್ಥ.

೧೯೨೭ರಲ್ಲಿ, ೧೨,೭೫,೭೬೭ರ ಸುಮಾರಿಗೆ, ಸ್ಪ್ರಿಂಗ್‌ಫೀಲ್ಡಿನಲ್ಲಿ ನಿಕ್ಕಲ್ ಉಕ್ಕಿನ ಬಳಕೆ ಮೊದಲಾಯಿತು. ರೆಮಿಂಗ್‌ಟನ್ ಎಂಬ ಹೆಸರಿದ್ದರೆ ಅದು ೧೯೪೧ರಿಂದೀಚಿನದು. ಈ ಶಂಕೆ ಅದಕ್ಕಿಲ್ಲ. ಮೆರುಗು ಕೊಡುವ ಭರದಲ್ಲಿ ಹಿಂದಿನ ಒಡೆಯನು ಸಂಖ್ಯೆಯನ್ನೇ ಉಜ್ಜಿಹಾಕಿದ್ದರೆ, ಆ ಬಂದೂಕನ್ನು ಗಡಿಗಿಂತ ಕೆಳಗಿನದೆಂದೇ ಎಣಿಸಿ ಗೋಡೆಗೆ ತೂಗುಹಾಕತಕ್ಕದ್ದು.