ಕ್ಲೌಡಿನಲ್ಲಿಟ್ಟ ದಾಖಲೆ ಎಷ್ಟು ಭದ್ರ?

ಬೈರಿದೇವರಕೊಪ್ಪದ ಸುತ್ತಮುತ್ತ ಹೊಲಗಳು ಬಡಾವಣೆಗಳಾಗುತ್ತಿವೆ. ಜಮೀನಿನ ಬೆಲೆ ಏರಿದಂತೆ ಉತಾರ, ಖರೀದಿ ಪತ್ರ, ಪಾಸ್‌ಬುಕ್ಕುಗಳನ್ನು ಕಾಯ್ದಿಡುವ ಚಿಂತೆಯೂ ಏರುತ್ತದೆ. ಇವುಗಳ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳುವುದು ಈಗ ರೂಢಿ. ಅನೇಕ ಮೊಬೈಲುಗಳು ಆ ಫೋಟೋಗಳನ್ನು ತಾವಾಗಿಯೇ ‘ಕ್ಲೌಡ್’ಗೆ ಕಳಿಸುತ್ತವೆ. ಹೆಸರು ಮೋಡವೆಂದಾದರೂ ಆಕಾಶದಲ್ಲಿ ಏನೂ ಇಲ್ಲ. ದೂರದ ಕಟ್ಟಡಗಳಲ್ಲಿರುವ ಗಣಕಯಂತ್ರಗಳ ಉಗ್ರಾಣವೇ ಅದು. ಜೋಳವನ್ನು ಮನೆಯ ಹಗೇವಿನಲ್ಲಿಡುವ ಬದಲು ಉಗ್ರಾಣದಲ್ಲಿಟ್ಟು ರಸೀದಿ ಪಡೆದಂತೆ.

ಈ ಉಗ್ರಾಣ ಭದ್ರವೇ? ದೊಡ್ಡ ಸಂಸ್ಥೆಗಳು ಒಂದೇ ದಾಖಲೆಯ ಪ್ರತಿಗಳನ್ನು ಹಲವೆಡೆ ಇಡುತ್ತವೆ. ನಿಮ್ಮ ಮೊಬೈಲು ಬಾವಿಗೆ ಬಿದ್ದರೂ ದಾಖಲೆ ಉಳಿಯುತ್ತದೆ. ಗೋಡೆ ಒಡೆದು ಕದಿಯುವುದಕ್ಕಿಂತ ಕೀಲಿ ಪಡೆದು ಕದಿಯುವುದೇ ಕಳ್ಳನಿಗೆ ಸುಲಭ. ಆ ಕೀಲಿ ಎಂದರೆ ಪಾಸ್‌ವರ್ಡ್ ಮತ್ತು ಓಟಿಪಿ. ಬ್ಯಾಂಕಿನವರೆಂದು ಫೋನಿನಲ್ಲಿ ಕೇಳಿದವರಿಗೆ ಇವನ್ನು ಹೇಳಕೂಡದು.

ಆದರೆ ನೀವು ಏನನ್ನೂ ಇಡದಿದ್ದರೂ ನಿಮ್ಮ ವಿವರ ಇಂಥ ಉಗ್ರಾಣದಲ್ಲಿ ಈಗಾಗಲೇ ಇದೆ ಎಂಬುದನ್ನು ಗಮನಿಸಿರಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಪಹಣಿಗಳು ಗಣಕಯಂತ್ರ ಸೇರಿ ಇಪ್ಪತ್ತು ವರ್ಷಗಳೇ ಕಳೆದಿವೆ. ನೋಂದಣಿ ಪತ್ರಗಳೂ ‘ಕಾವೇರಿ’ ಜಾಲತಾಣದಲ್ಲಿವೆ. 2023ರಲ್ಲಿ ವಂಚಕರು ಇಂಥ ಪತ್ರಗಳಲ್ಲಿನ ಹೆಬ್ಬೆರಳಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆಯಿಂದ ರಾಜ್ಯದ ಹಲವರ ಖಾತೆಗಳ ಹಣ ತೆಗೆದರು. ಇದಕ್ಕೆ ಓಟಿಪಿ ಬೇಕಾಗಿರಲಿಲ್ಲ. ಬಳಿಕ ಪತ್ರಗಳಲ್ಲಿನ ಬೆರಳಚ್ಚು ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಆದ್ದರಿಂದ ಜಮೀನು ಖರೀದಿ ಕೊಟ್ಟವರು, ಪಡೆದವರು ಎಲ್ಲರೂ ಆಧಾರ್ ಬಯೋಮೆಟ್ರಿಕ್ ಬೀಗ ಹಾಕಿಸುವುದು ಒಳ್ಳೆಯದು. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಅಥವಾ ಜಾಲತಾಣದಲ್ಲಿ ಇದು ಉಚಿತ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು, ಅಷ್ಟೆ. ಬೀಗ ಹಾಕಿದ ಮೇಲೆ ರೇಷನ್ ಅಂಗಡಿಯಲ್ಲಿಯೂ ಹೆಬ್ಬೆಟ್ಟು ನಡೆಯುವುದಿಲ್ಲ. ಹೋದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಿರಿ. ತೊಂದರೆಯೇನೋ ಹೌದು, ಆದರೆ ಬೆಳೆಸಾಲದ ಹಣ ಹೋಗುವುದಕ್ಕಿಂತ ಕಡಿಮೆ.

ದಾಖಲೆಗಳನ್ನು ಇಡಲೇಬೇಕೆನ್ನುವವರಿಗೆ 2015ರಲ್ಲಿ ಆರಂಭವಾದ ಸರಕಾರದ ಡಿಜಿಲಾಕರ್ ಇದೆ. ಇಲಾಖೆಗಳೇ ಇದರ ಮೂಲಕ ಕೊಟ್ಟ ದಾಖಲೆಗಳಿಗೆ ಮೂಲಪ್ರತಿಯಷ್ಟೇ ಮಾನ್ಯತೆ ಉಂಟು. ನೀವಾಗಿ ಸೇರಿಸಿದ ಫೋಟೋಗಳಿಗೆ ಅದು ಇಲ್ಲ. ಗೂಗಲ್ ಖಾತೆಯಲ್ಲಿಡುವವರು ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿರಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಆ ಸಂಸ್ಥೆ ಅಳಿಸಬಹುದು. ಮಗನ ಹಳೆಯ ಮೊಬೈಲಿನಲ್ಲಿ ತೆರೆದ ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಅಲ್ಲಿಟ್ಟ ಕಾಗದ ಇದ್ದೂ ಇಲ್ಲದಂತೆ. ಖರೀದಿ ಪತ್ರದ ಮೂಲಪ್ರತಿಯನ್ನಂತೂ ಟ್ರಂಕಿನಲ್ಲಿಯೇ ಇಡತಕ್ಕದ್ದು.

ನಿಮಗೆ ತಿಳಿಯದೆ ಖಾತೆಯಿಂದ ಹಣ ಹೋದರೆ ಸಂತೆ ಮುಗಿಯಲಿ ಎಂದು ಕಾಯಬೇಡಿರಿ. ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಬೇರೆ ಖಾತೆಗೆ ಹಾರುವ ಮೊದಲು ತಿಳಿಸಿದರೆ ತಡೆಹಿಡಿಯುವ ಅವಕಾಶವಿರುತ್ತದೆ.