ಸಿಆರ್‌ಪಿ ಎಂಬ ಸಸ್ಪೆನ್ಸ್ ಅಕೌಂಟ್

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಆ ಭಯ ನಮ್ಮ ಆನಂದಪುರಕ್ಕೂ ಬಂತು. ನನ್ನ ಅಣ್ಣನಿಗೆ 24 ವರ್ಷ, ಅಡಿಕೆ ಮತ್ತು ಶುಂಠಿ ಸಾಗಿಸುವ ಪಿಕಪ್ ಓಡಿಸುತ್ತಾನೆ. ಅಮ್ಮಿ ಹಠ ಹಿಡಿದು ಅವನನ್ನು ರಕ್ತ ಪರೀಕ್ಷೆಗೆ ಸಾಗರಕ್ಕೆ ಕಳಿಸಿದರು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಎಂದಿದ್ದಕ್ಕೆ ಅವನು ನೀರನ್ನೂ ಕುಡಿಯದೆ ಹೋದ. ಇದು ರೋಜಾ ಅಲ್ಲ, ನೀರು ಕುಡಿಯಬಹುದು ಎಂದು ನಮಗೆ ಆಮೇಲೆ ಗೊತ್ತಾಯಿತು.

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದುವುದು ನಾನೊಬ್ಬಳೇ. ಹಾಗಾಗಿ ವರದಿ ನನ್ನ ಕೈಗೆ ಬಂತು. ಮೂರು ಕಡೆ ಅಂಕಿಗಳು ದಪ್ಪಕ್ಷರದಲ್ಲಿದ್ದವು. ಖಾಲಿ ಹೊಟ್ಟೆಯ ಸಕ್ಕರೆ 108. ಕೊಬ್ಬಿನ ಪಟ್ಟಿಯಲ್ಲಿ ಎಲ್‌ಡಿಎಲ್ 142, ಟ್ರೈಗ್ಲಿಸರೈಡ್ 236. ಕೊನೆಯ ಸಾಲಿನಲ್ಲಿ ಸಿಆರ್‌ಪಿ 11.6, ಅದರ ಪಕ್ಕದಲ್ಲಿ 'ಹೃದಯದ ಅಪಾಯ ಹೆಚ್ಚು' ಎಂಬ ಅರ್ಥದ ಒಂದು ಮಾತು. ನಾನು ಅದನ್ನು ಹಾಗೆಯೇ ಉರ್ದುವಿನಲ್ಲಿ ಹೇಳಿಬಿಟ್ಟೆ. ಅಮ್ಮಿ ಅಳಲು ಶುರು ಮಾಡಿದರು. ಓದಿ ಅರ್ಥ ಮಾಡಿಕೊಳ್ಳುವ ಮೊದಲೇ ಅನುವಾದ ಮಾಡಬಾರದಿತ್ತು.

ಮರುದಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ ಹತ್ತಿರ ಹೋಗಿ ಕುಳಿತೆ. ಅವರು ಹೇಳಿಕೊಟ್ಟದ್ದನ್ನು, ಆಮೇಲೆ ನಾನು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಣ್ಣನ ಒಪ್ಪಿಗೆ ಇದೆ.

ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ಕೋವಿಡ್ ಸಮಯದಲ್ಲಿ ಈ ಹೆಸರನ್ನು ನಾವೆಲ್ಲ ಕೇಳಿದ್ದೇವೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ 'ಸಿ' ಎಂಬ ಅಂಶಕ್ಕೆ ಇದು ಅಂಟಿಕೊಳ್ಳುತ್ತಿತ್ತು, ಹೆಸರು ಬಂದದ್ದು ಅದರಿಂದ. ಇದನ್ನು ತಯಾರಿಸುವುದು ಮುಖ್ಯವಾಗಿ ಯಕೃತ್ತು, ಅಂದರೆ ಲಿವರ್. ದೇಹದಲ್ಲಿ ಎಲ್ಲಾದರೂ ಉರಿಯೂತ ಶುರುವಾದರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ಹೋದರೆ ಬೇಗನೆ ಇಳಿಯುತ್ತದೆ.

ಹಾಗಾದರೆ ಇದಕ್ಕೂ ಸಕ್ಕರೆ, ಕೊಲೆಸ್ಟ್ರಾಲಿಗೂ ಏನು ಸಂಬಂಧ? ನನಗೆ ತುಂಬ ಆಸಕ್ತಿ ಹುಟ್ಟಿಸಿದ ಭಾಗ ಇದು. ಹೊಟ್ಟೆಯ ಒಳಗೆ, ಕರುಳಿನ ಸುತ್ತ ಸೇರುವ ಕೊಬ್ಬು ಗೋದಾಮಿನ ಮೂಟೆಯ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ಅದು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವನ್ನು ರಕ್ತಕ್ಕೆ ಬಿಡುತ್ತದೆ. ಆ ಸಂದೇಶ ತಲುಪಿದಾಗ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಅದೇ ಕೊಬ್ಬಿನಿಂದಾಗಿ ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಲಿವರ್ ಹೆಚ್ಚು ಟ್ರೈಗ್ಲಿಸರೈಡನ್ನು ಹೊರಗೆ ಕಳಿಸುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಬೇರು ಒಂದೇ ಆದ್ದರಿಂದ ಈ ಅಂಕಿಗಳು ಎಷ್ಟೋ ಸಲ ಒಟ್ಟಿಗೆ ಕೆಡುತ್ತವೆ. ಸಿಗರೇಟ್ ಕೂಡ ಸಿಆರ್‌ಪಿ ಏರಿಸುತ್ತದೆ.

'ನಾನು ಸಣ್ಣಗಿದ್ದೇನಲ್ಲ' ಎಂದು ಅಣ್ಣ ವಾದಿಸಿದ. ಅವನ ಕೈಕಾಲು ಸಣ್ಣ ನಿಜ. ಅಮ್ಮಿಯ ಹೊಲಿಗೆ ಟೇಪಿನಿಂದ ಸೊಂಟ ಅಳೆದರೆ 94 ಸೆಂಟಿಮೀಟರ್. ದಕ್ಷಿಣ ಏಷ್ಯಾದ ಗಂಡಸರಿಗೆ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಹೇಳುವ ಮಿತಿ 90. ದಿನಕ್ಕೆ ಹತ್ತು ಗಂಟೆ ಸ್ಟೇರಿಂಗ್ ಹಿಂದೆ ಕುಳಿತವನಿಗೆ ಅದು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ.

ಕಾಮರ್ಸ್‌ನವರಿಗೆ ಒಂದು ಮಾತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಎಲ್ಲೋ ತಪ್ಪಿದೆ ಎಂದು ಅದು ಹೇಳುತ್ತದೆ, ಯಾವ ಪುಟದಲ್ಲಿ ಎಂದು ಹೇಳುವುದಿಲ್ಲ. ಸಿಆರ್‌ಪಿ ಹೆಚ್ಚುಕಡಿಮೆ ಹಾಗೆಯೇ. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವಂಥ ಜೀನ್ ಉಳ್ಳವರನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಅವರಿಗೆ ಹೃದ್ರೋಗ ಹೆಚ್ಚಿರಲಿಲ್ಲ. ಅಂದರೆ ಈ ಪ್ರೋಟೀನೇ ಕಳ್ಳ ಅಲ್ಲ. ಆದರೂ ಅದನ್ನು ಕಡೆಗಣಿಸುವಂತಿಲ್ಲ. 2008ರಲ್ಲಿ ಪ್ರಕಟವಾದ ಜುಪಿಟರ್ ಅಧ್ಯಯನದಲ್ಲಿ 17,802 ಜನರಿದ್ದರು. ಅವರ ಎಲ್‌ಡಿಎಲ್ ಹೆಚ್ಚಿರಲಿಲ್ಲ, ಸಿಆರ್‌ಪಿ ಮಾತ್ರ 2 ಅಥವಾ ಅದಕ್ಕಿಂತ ಹೆಚ್ಚು. ಸ್ಟ್ಯಾಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಎಲ್‌ಡಿಎಲ್, ಸಿಆರ್‌ಪಿ ಎರಡೂ ಇಳಿದವು, ಹೃದಯಾಘಾತದಂಥ ತೊಂದರೆಗಳು ಶೇ. 44ರಷ್ಟು ಕಡಿಮೆಯಾದವು. ಆದರೆ ಅದರಲ್ಲಿದ್ದ ಗಂಡಸರು 50 ವರ್ಷ ತುಂಬಿದವರು. 24ರ ಹುಡುಗನಿಗೆ ಅದನ್ನು ನೇರವಾಗಿ ಅನ್ವಯಿಸಿ ಅಂಗಡಿಯಿಂದ ಮಾತ್ರೆ ತರುವ ಹಾಗಿಲ್ಲ. ನಮ್ಮ ಮಾಮೂ ಅದನ್ನೇ ಮಾಡಲು ಹೊರಟಿದ್ದರು.

ಡಾಕ್ಟರ್ ವರದಿ ನೋಡಿ ಮೊದಲು ಕೇಳಿದ್ದು, 'ಆ ವಾರ ಜ್ವರ, ಹಲ್ಲುನೋವು ಏನಾದರೂ ಇತ್ತಾ?' ಇತ್ತು. ಅಣ್ಣನ ಬುದ್ಧಿಹಲ್ಲಿನ ಸುತ್ತ ಊದಿಕೊಂಡು ಕೆನ್ನೆ ದಪ್ಪವಾಗಿತ್ತು. ಸಿಆರ್‌ಪಿ ಒಂದು ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಮೊದಲು ಸೋಂಕನ್ನು ಹುಡುಕಬೇಕು, ಆ ಅಂಕಿಯಿಂದ ಹೃದಯದ ಲೆಕ್ಕ ಹಾಕಬಾರದು ಎಂದರು. ಹಲ್ಲು ವಾಸಿಯಾಗಿ ಎರಡು ವಾರದ ಮೇಲೆ ಮತ್ತೆ ಪರೀಕ್ಷಿಸಿದಾಗ 3.6 ಬಂತು. ಹೃದಯದ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ ಒಳ್ಳೆಯದು, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. ಕೆಲವು ಲ್ಯಾಬ್‌ಗಳು ಲೀಟರಿನ ಬದಲು ಡೆಸಿಲೀಟರಿನ ಲೆಕ್ಕದಲ್ಲಿ ಬರೆಯುತ್ತವೆ. ಆಗ ಅಂಕಿ ಹತ್ತು ಪಟ್ಟು ಚಿಕ್ಕದಾಗಿ ಕಾಣುತ್ತದೆ, ಘಟಕ ನೋಡದೆ ಖುಷಿಪಡಬೇಡಿ.

ಹಲ್ಲು ವಾಸಿಯಾಯಿತು, ಸಕ್ಕರೆ 108 ಮಾತ್ರ ಹಾಗೆಯೇ ಇತ್ತು. 100ರಿಂದ 125ರವರೆಗಿನದು ಮಧುಮೇಹದ ಹೊಸ್ತಿಲು. ಮನೆಯವರೆಲ್ಲ ಸಿಆರ್‌ಪಿ ಇಳಿದ ಸಂತೋಷದಲ್ಲಿ ಅದನ್ನು ಮರೆತಿದ್ದರು. ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಸಿಗರೇಟ್ ಬಿಡು, ದಾರಿಯಲ್ಲಿ ಕುಡಿಯುವ ಆರೇಳು ಸಿಹಿ ಚಹಾ ಕಡಿಮೆ ಮಾಡು, ದಿನಾ ಅರ್ಧ ಗಂಟೆ ಚುರುಕಾಗಿ ನಡೆ, ಮೂರು ತಿಂಗಳು ಬಿಟ್ಟು ಬಾ ಎಂದರು. ಜಯದೇವ ಸಂಸ್ಥೆ 40 ವರ್ಷದೊಳಗಿನ ಹೃದ್ರೋಗಿಗಳ ಮಾಹಿತಿಯನ್ನು 2017ರಿಂದ ಬೇರೆಯಾಗಿಯೇ ಸಂಗ್ರಹಿಸುತ್ತಿದೆ. ಅವರಲ್ಲಿ ಹೆಚ್ಚಿನವರು ಗಂಡಸರು, ತಂಬಾಕಿನ ಚಟ ಇದ್ದವರು ಬಹಳ. ಇದನ್ನು ಅಣ್ಣನಿಗೆ ಎರಡು ಸಲ ಓದಿ ಹೇಳಿದೆ. ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ ಎಂದೂ ಹೇಳಿದೆ.

ಈಗ ಫಜ್ರ್ ನಮಾಜ್ ಮುಗಿಸಿ ಅವನು ರೈಲ್ವೆ ಸ್ಟೇಷನ್ ಕಡೆಗೆ ನಡೆದು ಬರುತ್ತಾನೆ. ಚಹಾ ಮೂರಕ್ಕೆ ಇಳಿದಿದೆ. ಸಿಗರೇಟಿನ ಲೆಕ್ಕವನ್ನು ಅವನು ನನಗೆ ಪೂರ್ತಿ ಕೊಡುತ್ತಿಲ್ಲ. ಮೂರನೆಯ ಪರೀಕ್ಷೆ ಮುಂದಿನ ತಿಂಗಳು. ಈ ಸಲ ವರದಿ ಬಂದರೆ ಮೊದಲು ಪೂರ್ತಿ ಓದಿ, ಆಮೇಲೆ ಅಮ್ಮಿಗೆ ಹೇಳುತ್ತೇನೆ.